ನಮ್ಮ ಬರಹದ ಒಂದು ಪ್ರತಿ ನಮ್ಮ ಕೈಯಲ್ಲಿರಲಿ

ಕಳೆದ ಜೂನ್ ತಿಂಗಳಲ್ಲಿ, ಬೇಸಿಗೆಯ ರಜೆ ಕಳೆದು ಶಾಲೆಯು ಮರಳಿ ತೆರೆದ ಮೊದಲನೆಯ ವಾರದಲ್ಲಿಯೇ, ಒಂಬತ್ತನೆಯ ತರಗತಿಯ ಮೂವರು ವಿದ್ಯಾರ್ಥಿನಿಯರು ಅಧ್ಯಾಪಕರ ಕೊಠಡಿಗೆ ಬಂದು, ನಮ್ಮ ಶಾಲೆಯ ಜಾಲತಾಣವು ತೆರೆಯುತ್ತಿಲ್ಲವೆಂದು ತಿಳಿಸಿದರು. ಮುಂಬಯಿಯ ಮಳೆಗಾಲದಲ್ಲಿ ಜಾಲಸಂಪರ್ಕವು ಆಗಾಗ ಕೈಕೊಡುವುದು ನಮಗೆ ಹೊಸದಲ್ಲವಾದುದರಿಂದ, ನಾಳೆ ಸರಿಹೋದೀತೆಂದು ಹೇಳಿ ಅವರನ್ನು ತರಗತಿಗೆ ಕಳುಹಿಸಿದೆವು. ಮರುದಿನವೂ ತೆರೆಯಲಿಲ್ಲ, ಮೂರನೆಯ ದಿನವೂ ತೆರೆಯಲಿಲ್ಲ. ವಿಚಾರಿಸಿದಾಗ ತಿಳಿದುಬಂದ ಸಂಗತಿ ಇದು: ಜಾಲತಾಣಕ್ಕೆ ಸ್ಥಳವನ್ನು ಬಾಡಿಗೆಗೆ ಕೊಟ್ಟಿದ್ದ ಸಂಸ್ಥೆಯು ವಾರ್ಷಿಕ ಶುಲ್ಕದ ನೆನಪಿನ ಪತ್ರಗಳನ್ನು, ಹಿಂದಿನ ವರ್ಷ ನಿವೃತ್ತರಾಗಿ ಊರಿಗೆ ತೆರಳಿದ್ದ ಅಧ್ಯಾಪಕರೊಬ್ಬರ ಮಿಂಚಂಚೆಯ ವಿಳಾಸಕ್ಕೆ ಕಳುಹಿಸಿತ್ತು. ಅವರು ಆ ಅಂಚೆಯನ್ನು ತೆರೆದು ನೋಡುವುದನ್ನೇ ಬಿಟ್ಟಿದ್ದರು. ಶುಲ್ಕವು ಸಲ್ಲಲಿಲ್ಲ. ನಿಯಮದಲ್ಲಿ ಹೇಳಿದ್ದ ಅವಧಿ ಮುಗಿದೊಡನೆ ನಮ್ಮ ಕಡತಗಳೆಲ್ಲವೂ ಅಳಿಸಲ್ಪಟ್ಟುವು.

ಆ ತಾಣದಲ್ಲಿ ಇದ್ದುದೇನು? ಆರು ವರ್ಷಗಳಲ್ಲಿ ವಿದ್ಯಾರ್ಥಿಗಳು ಬರೆದ ಪ್ರಬಂಧಗಳು, ರಾಜ್ಯೋತ್ಸವದ ನಾಟಕಗಳ ಚಿತ್ರಗಳು, ಭಿತ್ತಿಪತ್ರಿಕೆಯ ಪುಟಗಳು, ಹಳೆಯ ವಿದ್ಯಾರ್ಥಿಗಳು ಬರೆದ ಪತ್ರಗಳು ಅಲ್ಲಿ ಇದ್ದುವು. ಇವೆಲ್ಲಕ್ಕಿಂತಲೂ ಬೆಲೆಯುಳ್ಳ ವಸ್ತುವೊಂದು ಇತ್ತು. ನಮ್ಮ ಶಾಲೆಯ ಸಮೀಪದಲ್ಲಿ ವಾಸವಾಗಿದ್ದ ಹಿರಿಯರೊಬ್ಬರು, ಹನ್ನೆರಡನೆಯ ವಯಸ್ಸಿನಲ್ಲಿ ಉಡುಪಿಯ ಕಡೆಯಿಂದ ಈ ನಗರಕ್ಕೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ಓದಿ ಮೆಟ್ರಿಕ್ ಮುಗಿಸಿದವರು. ನಮ್ಮ ಇಬ್ಬರು ವಿದ್ಯಾರ್ಥಿಗಳು ಒಂದು ಭಾನುವಾರ ಅವರ ಮನೆಗೆ ಹೋಗಿ, ಅವರ ಬಾಲ್ಯದ ನೆನಪುಗಳನ್ನು ಅವರದೇ ಧ್ವನಿಯಲ್ಲಿ, ಸುಮಾರು ನಲವತ್ತು ನಿಮಿಷಗಳ ಕಾಲ ಮುದ್ರಿಸಿಕೊಂಡು ಬಂದಿದ್ದರು. ಮುದ್ರಿಸಿದ್ದು ಒಬ್ಬ ಹುಡುಗನ ತಾಯಿಯ ಮೊಬೈಲ್ ಫೋನಿನಲ್ಲಿ. ಅದನ್ನು ತಾಣಕ್ಕೆ ಏರಿಸಿಯಾದ ಮೇಲೆ, ಫೋನಿನಲ್ಲಿ ಸ್ಥಳವಿಲ್ಲದೆ ಆ ತಾಯಿಗೆ ತೊಂದರೆಯಾಗುತ್ತಿದೆಯೆಂದು ಹುಡುಗನು ಹೇಳಿದಾಗ, “ತಾಣದಲ್ಲಿ ಇದೆಯಲ್ಲ, ಅಳಿಸಿಬಿಡು” ಎಂದು ಅನುಮತಿಯನ್ನಿತ್ತವರು ನಾವೇ. ಮರುವರ್ಷ ಆ ಹಿರಿಯರು ತೀರಿಕೊಂಡರು.

ಕಳೆದುಹೋದುದರಲ್ಲಿ ಎಷ್ಟೋ ಭಾಗವು ಮರಳಿ ದೊರೆಯಿತೆಂಬುದನ್ನು ಕೃತಜ್ಞತೆಯಿಂದ ಹೇಳಬೇಕು. ಪ್ರಬಂಧಗಳಲ್ಲಿ ಆಯ್ದವು ಇದೇ ವಾರ್ಷಿಕ ಸಂಚಿಕೆಯಲ್ಲಿ ಅಚ್ಚಾಗಿದ್ದುದರಿಂದ ಗ್ರಂಥಾಲಯದ ಕಪಾಟಿನಲ್ಲಿ ಸುರಕ್ಷಿತವಾಗಿದ್ದುವು. ಚಿತ್ರಗಳಲ್ಲಿ ಕೆಲವನ್ನು ಪೋಷಕರು ತಮ್ಮ ವಾಟ್ಸಪ್ ಸಂದೇಶಗಳಿಂದ ಹುಡುಕಿ ಕೊಟ್ಟರು. ಅವು ಕಿರಿದಾಗಿ ಮಸುಕಾಗಿದ್ದರೂ ಮುಖಗಳ ಗುರುತು ಹತ್ತುತ್ತದೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಇಂಟರ್ನೆಟ್ ಆರ್ಕೈವ್ ಎಂಬ ಗ್ರಂಥಭಂಡಾರವುಂಟು. 1996ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಲೋಕದ ಜಾಲಪುಟಗಳ ಪ್ರತಿಗಳನ್ನು ಸಂಗ್ರಹಿಸಿಡುತ್ತ, 2001ರಿಂದ ಅವನ್ನು ಎಲ್ಲರಿಗೂ ತೋರಿಸುತ್ತ ಬಂದಿದೆ. ಅಲ್ಲಿ ಹುಡುಕಿದಾಗ ನಮ್ಮ ತಾಣದ ಮುಖಪುಟವೂ ಇನ್ನೆರಡು ಪುಟಗಳೂ ಸಿಕ್ಕಿದುವು. ಅವುಗಳಲ್ಲೊಂದು ಪುಟದಲ್ಲಿ ಆ ಹಿರಿಯರ ಹೆಸರೂ, ಸಂದರ್ಶನದ ದಿನಾಂಕವೂ, ಕೇಳಲು ಒತ್ತಬೇಕಾದ ಗುಂಡಿಯ ಚಿತ್ರವೂ ಇವೆ. ಗುಂಡಿಯನ್ನು ಒತ್ತಿದರೆ ಏನೂ ಕೇಳುವುದಿಲ್ಲ.

ಈ ನಷ್ಟಕ್ಕೆ ಹೊಣೆ ಯಾರು? ಸ್ಥಳ ಕೊಟ್ಟ ಸಂಸ್ಥೆಯನ್ನು ದೂರುವುದು ಸುಲಭ. ನಾವೂ ಮೊದಲಿಗೆ ದೂರಿದೆವು. ಆದರೆ ಆ ಸಂಸ್ಥೆಯ ನಿಯಮಾವಳಿಯನ್ನು ತೆಗೆದು ಓದಿದಾಗ, ಗ್ರಾಹಕರು ತಮ್ಮ ಕಡತಗಳ ಪ್ರತಿಯನ್ನು ತಾವೇ ಇಟ್ಟುಕೊಳ್ಳತಕ್ಕದ್ದೆಂಬ ಮಾತು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆರು ವರ್ಷಗಳಲ್ಲಿ ಒಮ್ಮೆಯೂ ನಾವು ಅದನ್ನು ಓದಿರಲಿಲ್ಲ. ಮಕ್ಕಳಿಗೆ ಪುಸ್ತಕಕ್ಕೆ ಹೊದಿಕೆ ಹಾಕಲು ಕಲಿಸಿದೆವು, ಅಂಚು ಬಿಟ್ಟು ಬರೆಯಲು ಕಲಿಸಿದೆವು. ಬರೆದುದನ್ನು ಕಾಪಾಡಿಕೊಳ್ಳುವ ಕ್ರಮವನ್ನು ಕಲಿಸಲಿಲ್ಲ. ಆದುದರಿಂದ ಈ ಲೇಖನದಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಬಯಸುತ್ತೇವೆ. ಪರರ ಯಂತ್ರದಲ್ಲಿ ಇಟ್ಟ ಬರಹಕ್ಕೆ ನಮ್ಮ ಕೈಯಲ್ಲಿ ಒಂದು ಪ್ರತಿ ಇರುವವರೆಗೆ ಮಾತ್ರ ಅದು ನಮ್ಮದು. ಆ ಪ್ರತಿಯನ್ನು ಮಾಡುವ ಕೆಲಸವು ಯಾರೋ ಯಂತ್ರಜ್ಞರದಲ್ಲ, ಬರೆದವರದೇ. ಪ್ರಬಂಧದ ಕೊನೆಯಲ್ಲಿ ಪೂರ್ಣವಿರಾಮವನ್ನು ಇಡುವುದು ಹೇಗೆ ಬರವಣಿಗೆಯ ಭಾಗವೋ, ಪ್ರತಿ ತೆಗೆದಿಡುವುದೂ ಹಾಗೆಯೇ ಭಾಗವೆಂದು ಶಾಲೆಯಲ್ಲಿ ಕಲಿಸತಕ್ಕದ್ದು.

ಈ ಮಾತಿಗೆ ಕಾರಣವನ್ನು ತಿಳಿಯಬೇಕಾದರೆ, ನಾವು ಏರಿಸಿದ ಕಡತವು ಎಲ್ಲಿಗೆ ಹೋಗುತ್ತದೆಂಬುದನ್ನು ಮೊದಲು ಅರಿಯಬೇಕು. “ಕ್ಲೌಡ್” ಎಂಬ ಹೆಸರನ್ನು ಕೇಳಿ, ನಮ್ಮ ಬರಹವು ಆಕಾಶದಲ್ಲೆಲ್ಲೋ ತೇಲುತ್ತಿದೆಯೆಂದು ಭಾವಿಸುವ ಮಕ್ಕಳುಂಟು. ವಾಸ್ತವದಲ್ಲಿ ಅದು ಭೂಮಿಯ ಮೇಲಿನ ಒಂದು ಕಟ್ಟಡದಲ್ಲಿ, ಕಬ್ಬಿಣದ ಬೀರುಗಳಲ್ಲಿ ಸಾಲಾಗಿ ಜೋಡಿಸಿದ ಯಂತ್ರಗಳೊಳಗಿನ ತಟ್ಟೆಯೊಂದರ ಮೇಲೆ ಇರುತ್ತದೆ. ಆ ಕಟ್ಟಡಕ್ಕೆ ವಿದ್ಯುತ್ತು ಬೇಕು, ತಂಪು ಬೇಕು, ಕಾವಲುಗಾರರು ಬೇಕು, ಬಾಡಿಗೆ ಬೇಕು. ಕಟ್ಟಡವೆಂದ ಮೇಲೆ ಅದಕ್ಕೆ ಬೆಂಕಿಯ ಭಯವೂ ಉಂಟು. ವ್ಯಾಪಾರವೆಂದ ಮೇಲೆ ಅದಕ್ಕೆ ಮುಚ್ಚುವ ದಿನವೂ ಉಂಟು. ಮನುಷ್ಯರು ನಡೆಸುವುದೆಂದ ಮೇಲೆ ಅಲ್ಲಿ ಕೈತಪ್ಪುಗಳೂ ಆಗುತ್ತವೆ. ಈ ಮೂರು ಬಗೆಯ ಅಪಾಯಗಳಿಗೂ ಈಚಿನ ವರ್ಷಗಳ ಇತಿಹಾಸದಲ್ಲಿ ನಿದರ್ಶನಗಳಿವೆ.

ಬೆಂಕಿಯ ಮಾತನ್ನು ಮೊದಲು ನೋಡೋಣ. 2021ನೆಯ ಇಸವಿ ಮಾರ್ಚ್ 10ರ ನಸುಕಿನಲ್ಲಿ, ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗ್ ನಗರದಲ್ಲಿದ್ದ ಓವಿಎಚ್ ಎಂಬ ದೊಡ್ಡ ಸಂಸ್ಥೆಯ ಐದು ಅಂತಸ್ತಿನ ದತ್ತಾಂಶ ಕೇಂದ್ರವೊಂದು ಪೂರ್ಣವಾಗಿ ಸುಟ್ಟುಹೋಯಿತು. ಪಕ್ಕದ ಕಟ್ಟಡದ ಒಂದು ಭಾಗವೂ ಬೆಂಕಿಗೆ ತುತ್ತಾಯಿತು. ಲಕ್ಷಾಂತರ ಜಾಲತಾಣಗಳು ಆ ಬೆಳಗ್ಗೆ ಕಾಣದಾದುವು. ಬೇರೆಡೆಯಲ್ಲಿ ಪ್ರತಿಯಿದ್ದವರು ಕೆಲವು ದಿನಗಳಲ್ಲಿ ಚೇತರಿಸಿಕೊಂಡರು. ಮೂಲವನ್ನೂ ಪ್ರತಿಯನ್ನೂ ಒಂದೇ ಆವರಣದಲ್ಲಿ ಇಟ್ಟಿದ್ದ ಕೆಲವರಿಗೆ ಎರಡೂ ಒಟ್ಟಿಗೆ ಬೂದಿಯಾದುವು. ಇದಕ್ಕಿಂತಲೂ ಈಚಿನದು ದಕ್ಷಿಣ ಕೊರಿಯದ ಸಂಗತಿ. 2025ನೆಯ ಇಸವಿ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳಿಂದ ಹೊತ್ತಿದ ಬೆಂಕಿಯು, ಸರಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ “ಜಿ-ಡ್ರೈವ್” ಎಂಬ ಭಂಡಾರವನ್ನು ನಾಶಮಾಡಿತು. ಅಲ್ಲಿದ್ದ 858 ಟೆರಾಬೈಟ್ ಕಡತಗಳಿಗೆ ಬೇರೆಡೆಯಲ್ಲಿ ಪ್ರತಿಯಿರಲಿಲ್ಲ. ನೌಕರರ ಮೇಜಿನ ಕಂಪ್ಯೂಟರುಗಳಲ್ಲಿಯೂ ಮಿಂಚಂಚೆಗಳಲ್ಲಿಯೂ ಮುದ್ರಿತ ಕಾಗದಗಳಲ್ಲಿಯೂ ಉಳಿದಿದ್ದುದನ್ನು ಹುಡುಕಿ ಒಟ್ಟುಗೂಡಿಸಬೇಕಾಯಿತು. ಲೋಕದಲ್ಲಿಯೇ ಅತ್ಯಂತ ವೇಗದ ಜಾಲಸಂಪರ್ಕವುಳ್ಳ ದೇಶಗಳಲ್ಲಿ ಒಂದೆಂದು ಹೆಸರಾದ ನಾಡಿನಲ್ಲಿ ಇದು ನಡೆಯಿತೆಂಬುದನ್ನು ಗಮನಿಸಬೇಕು.

ಎರಡನೆಯದು, ಅಂಗಡಿ ಮುಚ್ಚುವ ಅಪಾಯ. 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಜಿಯೋಸಿಟೀಸ್ ಎಂಬ ಸೇವೆಯು, ಸಾಮಾನ್ಯ ಜನರು ಬಿಟ್ಟಿಯಾಗಿ ತಮ್ಮ ಜಾಲಪುಟಗಳನ್ನು ಕಟ್ಟಿಕೊಳ್ಳಲು ಸ್ಥಳವನ್ನು ಕೊಟ್ಟಿತು. ಶಾಲಾ ಬಾಲಕರು, ಗೃಹಿಣಿಯರು, ನಿವೃತ್ತರು ತಮ್ಮ ಊರಿನ, ಮನೆತನದ, ಹವ್ಯಾಸಗಳ ಪುಟಗಳನ್ನು ಅಲ್ಲಿ ಬರೆದರು. 1999ರಲ್ಲಿ ಯಾಹೂ ಸಂಸ್ಥೆಯು ಅದನ್ನು ಕೊಂಡುಕೊಂಡಿತು. 2009ನೆಯ ಅಕ್ಟೋಬರ್ 26ರಂದು ಮುಚ್ಚಿತು. ಉತ್ಸಾಹಿಗಳಾದ ಸ್ವಯಂಸೇವಕರು ಕೊನೆಯ ತಿಂಗಳುಗಳಲ್ಲಿ ಹಗಲಿರುಳು ದುಡಿದು ಬಹಳಷ್ಟನ್ನು ಉಳಿಸಿದರೂ ಎಲ್ಲವನ್ನೂ ಉಳಿಸಲಾಗಲಿಲ್ಲ. ನಿಮ್ಮ ತಂದೆತಾಯಿಗಳು ತಾರುಣ್ಯದಲ್ಲಿ ಬಳಸಿದ್ದಿರಬಹುದಾದ ಆರ್ಕುಟ್ ಎಂಬ ತಾಣವು 2004ರಲ್ಲಿ ಹುಟ್ಟಿ, ನಮ್ಮ ದೇಶದಲ್ಲಿ ಬಹು ಜನಪ್ರಿಯವಾಗಿ, 2014ನೆಯ ಸೆಪ್ಟೆಂಬರ್ 30ರಂದು ಮುಚ್ಚಿತು. ಮನೆಯಲ್ಲಿ ಕೇಳಿ ನೋಡಿರಿ. ಆಗಿನ ಪತ್ರಗಳೂ ಚಿತ್ರಗಳೂ ಎಲ್ಲಿವೆಯೆಂದು ಹೇಳಬಲ್ಲವರು ವಿರಳ. ಅಂಗಡಿ ತೆರೆದಿರುವಾಗಲೇ ಸರಕು ಕಳೆದುಹೋಗುವುದೂ ಉಂಟು. ಮೈಸ್ಪೇಸ್ ಎಂಬ ತಾಣವು ತನ್ನ ಯಂತ್ರಗಳನ್ನು ಬದಲಾಯಿಸುವಾಗ, 2003ರಿಂದ 2015ರವರೆಗೆ ಗಾಯಕರು ಅಲ್ಲಿ ಇಟ್ಟಿದ್ದ ಹಾಡುಗಳು ನಾಶವಾದುವು. 2019ರಲ್ಲಿ ಈ ಸಂಗತಿ ಲೋಕಕ್ಕೆಲ್ಲ ತಿಳಿಯಿತು. ನಂಬಿದ ಎಮ್ಮೆ ಕೋಣ ಈಯಿತೆಂಬ ನಮ್ಮ ಗಾದೆಯು ಇಂಥ ಕಡೆಗೆ ಸಲ್ಲುತ್ತದೆ.

ಮೂರನೆಯದು ಮನುಷ್ಯರ ಕೈತಪ್ಪು. ಗಿಟ್‌ಲ್ಯಾಬ್ ಎಂಬುದು, ಲೋಕದ ತಂತ್ರಜ್ಞರು ತಮ್ಮ ಕಡತಗಳನ್ನು ಇಡುವ ಒಂದು ಸೇವೆ. 2017ನೆಯ ಜನವರಿ 31ರಂದು, ರಾತ್ರಿ ಬಹಳ ಹೊತ್ತು ದುಡಿದು ದಣಿದಿದ್ದ ಅಲ್ಲಿಯ ತಂತ್ರಜ್ಞರೊಬ್ಬರು ಒಂದು ಯಂತ್ರದಲ್ಲಿ ಕೊಡಬೇಕಾದ ಆಜ್ಞೆಯನ್ನು ಇನ್ನೊಂದು ಯಂತ್ರದಲ್ಲಿ ಕೊಟ್ಟು, ನಡೆಯುತ್ತಿದ್ದ ದತ್ತಾಂಶವನ್ನೇ ಅಳಿಸಿಬಿಟ್ಟರು. ಪ್ರತಿಗಳನ್ನು ತೆಗೆಯಲು ಅಲ್ಲಿ ಐದು ಏರ್ಪಾಡುಗಳಿದ್ದುವು. ತೆಗೆದು ನೋಡಿದರೆ ಅವುಗಳಲ್ಲಿ ಒಂದೂ ನೆಟ್ಟಗೆ ನಡೆಯುತ್ತಿರಲಿಲ್ಲ. ಬೇರೊಂದು ಕೆಲಸಕ್ಕಾಗಿ ಆರು ಗಂಟೆಗಳ ಹಿಂದೆ ಅದೇ ತಂತ್ರಜ್ಞರು ಅಕಸ್ಮಾತ್ತಾಗಿ ತೆಗೆದಿದ್ದ ಒಂದು ಪ್ರತಿಯೇ ಕೊನೆಗೆ ಅವರ ಮಾನವನ್ನು ಕಾಯಿತು. ಸಂಸ್ಥೆಯು ಈ ಪ್ರಸಂಗವನ್ನು ಮರೆಮಾಚದೆ ತಾನೇ ವಿವರವಾಗಿ ಪ್ರಕಟಿಸಿತೆಂಬುದು ಅದಕ್ಕೆ ಭೂಷಣ.

ನೀವು ಬಹುಶಃ ನೋಡಿರುವ “ಟಾಯ್ ಸ್ಟೋರಿ 2” ಎಂಬ ಚಲನಚಿತ್ರದ ಕಥೆಯೂ ಇಂಥದೇ. ಅದು ತಯಾರಾಗುತ್ತಿದ್ದಾಗ, 1998ರಲ್ಲಿ, ಯಾರೋ ಕೊಟ್ಟ ಅಳಿಸುವ ಆಜ್ಞೆಯಿಂದ ಚಿತ್ರದ ಕಡತಗಳು ಒಂದೊಂದಾಗಿ ಮಾಯವಾಗತೊಡಗಿದುವು. ಸಂಸ್ಥೆಯಲ್ಲಿದ್ದ ಪ್ರತಿಗಳನ್ನು ತೆಗೆದರೆ ಅವು ಕೆಟ್ಟಿದ್ದುವು. ಆಗ ಗ್ಯಾಲಿನ್ ಸುಸ್ಮನ್ ಎಂಬ ತಂತ್ರನಿರ್ದೇಶಕಿಗೆ, ತಾವು ಹಸುಗೂಸಿನ ತಾಯಿಯಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದುದರಿಂದ ಚಿತ್ರದ ಒಂದು ಪ್ರತಿಯು ಮನೆಯ ಕಂಪ್ಯೂಟರಿನಲ್ಲಿ ಇದೆಯೆಂಬುದು ನೆನಪಾಯಿತು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಕಾರಿನಲ್ಲಿ ಜೋಪಾನವಾಗಿ ತಂದು, ಕಳೆದುಹೋದ ಕೆಲಸವನ್ನು ಮರಳಿ ಪಡೆದರು. ಒಬ್ಬ ತಾಯಿಯ ಮನೆಯಲ್ಲಿದ್ದ ಪ್ರತಿಯು ದೊಡ್ಡ ಸಂಸ್ಥೆಯ ಶ್ರಮವನ್ನು ಉಳಿಸಿತು. ನಮ್ಮ ಪ್ರಸಂಗದಲ್ಲಿಯೂ ಒಬ್ಬ ತಾಯಿಯ ಫೋನಿನಲ್ಲಿ ಪ್ರತಿಯಿತ್ತಷ್ಟೆ; ಅದನ್ನು ಅಳಿಸಲು ಹೇಳಿದೆವು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ದೊಡ್ಡ ಸಂಸ್ಥೆಗಳು ತಾವೇ ಪ್ರತಿಗಳನ್ನು ಇಟ್ಟಿರುತ್ತವೆ. ಅವರಿಗಿರುವ ಸಾಮರ್ಥ್ಯ ಒಂದು ಬಡ ಶಾಲೆಗೆ ಎಲ್ಲಿಂದ ಬರಬೇಕು? ಹಾಗಿರುವಾಗ ನಾವು ಮಾಡುವ ಪ್ರತಿಯಿಂದ ಏನು ಹೆಚ್ಚು ಪ್ರಯೋಜನ? ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಒಂದು ತಟ್ಟೆ ಕೆಟ್ಟರೆ ಇನ್ನೊಂದರಿಂದ ತುಂಬಿಕೊಳ್ಳುವ ಏರ್ಪಾಡು ಅವರಲ್ಲಿ ಚೆನ್ನಾಗಿಯೇ ಇರುತ್ತದೆ. ನಮ್ಮ ಪೆನ್ ಡ್ರೈವಿಗಿಂತ ಅವರ ಯಂತ್ರವು ಗಟ್ಟಿಯೆಂಬುದೂ ನಿಜ. ಆದರೆ ಆ ಏರ್ಪಾಡು ಅವರ ಯಂತ್ರವು ಕೆಡುವುದರಿಂದ ನಮ್ಮನ್ನು ಕಾಯುತ್ತದೆಯೇ ಹೊರತು, ನಾವು ಶುಲ್ಕ ಮರೆಯುವುದರಿಂದ, ಗುಪ್ತಪದ ಕಳೆದುಕೊಳ್ಳುವುದರಿಂದ, ನಮ್ಮಲ್ಲೇ ಒಬ್ಬರು ತಪ್ಪಾಗಿ ಅಳಿಸುವುದರಿಂದ, ಅವರು ತಮ್ಮ ನಿಯಮವನ್ನು ಬದಲಾಯಿಸುವುದರಿಂದ ಕಾಯುವುದಿಲ್ಲ. ಎರಡು ವರ್ಷಗಳ ಕಾಲ ಬಳಸದೆ ಬಿಟ್ಟ ಖಾಸಗಿ ಖಾತೆಗಳನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ ಸಂಸ್ಥೆಯು 2023ರಲ್ಲಿ ಪ್ರಕಟಿಸಿತು. ನಿಯಮವನ್ನು ಅವರು ಮೊದಲೇ ತಿಳಿಸಿದ್ದಾರೆ. ಕಡತಗಳನ್ನು ಹೊರಗೆ ತೆಗೆದುಕೊಳ್ಳಲು “ಟೇಕ್‌ಔಟ್” ಎಂಬ ಸೌಕರ್ಯವನ್ನೂ 2011ರಿಂದ ಕೊಟ್ಟಿದ್ದಾರೆ. ಬಾಗಿಲು ತೆರೆದಿರುವಾಗ ಒಳಗೆ ಹೋಗಿ ನಮ್ಮ ವಸ್ತುವಿನ ಪ್ರತಿಯನ್ನು ತರುವ ಕೆಲಸ ಮಾತ್ರ ನಮ್ಮದು.

ಪ್ರತಿ ಮಾಡುವ ಧರ್ಮವು ಕನ್ನಡಿಗರಿಗೆ ಹೊಸದೇನೂ ಅಲ್ಲ. ಓಲೆಗರಿಯ ಕಾಲದಲ್ಲಿ ಗ್ರಂಥವು ಬದುಕುತ್ತಿದ್ದುದೇ ಪ್ರತಿಗಳಿಂದ. ಹುಳುವೂ ತೇವವೂ ಗರಿಯನ್ನು ತಿನ್ನುವುದರೊಳಗಾಗಿ ಲಿಪಿಕಾರರು ಅದನ್ನು ಹೊಸ ಗರಿಗೆ ಇಳಿಸಬೇಕಾಗಿತ್ತು. ಹತ್ತನೆಯ ಶತಮಾನದ ಕವಿ ಪೊನ್ನನ “ಶಾಂತಿಪುರಾಣ”ವನ್ನು ದಾನಚಿಂತಾಮಣಿ ಅತ್ತಿಮಬ್ಬೆಯು ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ನೀವು ಪಾಠದಲ್ಲಿ ಓದಿದ ಸಂಗತಿಯೇ. ಆ ಗ್ರಂಥವು ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಪೊನ್ನನು “ಭುವನೈಕರಾಮಾಭ್ಯುದಯ”ವೆಂಬ ಇನ್ನೊಂದು ಕಾವ್ಯವನ್ನು ಬರೆದಿದ್ದನು, ಅದು ದೊರೆತಿಲ್ಲ. ಒಬ್ಬನೇ ಕವಿಯ ಎರಡು ಕೃತಿಗಳಲ್ಲಿ ಒಂದು ಉಳಿದು ಒಂದು ಅಳಿದುದಕ್ಕೆ ಕಾರಣಗಳು ಹಲವಿರಬಹುದು; ಆದರೂ ಸಾವಿರ ಮನೆಗಳಲ್ಲಿ ಇದ್ದುದಕ್ಕೆ ಉಳಿಯುವ ದಾರಿಗಳು ಹೆಚ್ಚೆಂಬುದನ್ನು ಅಲ್ಲಗಳೆಯಲಾಗದು. ಅತ್ತಿಮಬ್ಬೆಗೆ ಒಂದೊಂದು ಪ್ರತಿಗೂ ಲಿಪಿಕಾರನ ಎಷ್ಟೋ ದಿನಗಳ ದುಡಿಮೆ ಬೇಕಾಗಿತ್ತು. ನಮಗೆ ಬೇಕಾದುದು ಕೆಲವು ನಿಮಿಷಗಳು.

ಇನ್ನು, ಮಾಡತಕ್ಕ ಕ್ರಮವೇನೆಂಬುದನ್ನು ಹೇಳುತ್ತೇವೆ. ನಾವು ಈ ವಿದ್ಯೆಯ ಪಂಡಿತರಲ್ಲ. ನಷ್ಟವಾದ ಮೇಲೆ ಬಲ್ಲವರನ್ನು ಕೇಳಿ ಕಲಿತುದು ಇಷ್ಟು. ಜಾಲತಾಣವೆಂಬುದು ಸಾಮಾನ್ಯವಾಗಿ ಎರಡು ಭಾಗಗಳಿಂದ ಕೂಡಿದುದು. ಚಿತ್ರ, ಧ್ವನಿ, ಪುಟದ ವಿನ್ಯಾಸ ಮೊದಲಾದ ಕಡತಗಳು ಒಂದು ಭಾಗ. ಬರಹಗಳು ಅಡಕವಾಗಿರುವ ಡೇಟಾಬೇಸ್ ಇನ್ನೊಂದು ಭಾಗ. ವರ್ಡ್‌ಪ್ರೆಸ್‌ನಿಂದ ಕಟ್ಟಿದ ತಾಣಗಳಲ್ಲಿ ಪ್ರಬಂಧಗಳು ಇರುವುದು ಡೇಟಾಬೇಸಿನಲ್ಲಿ. ಕಡತಗಳನ್ನಷ್ಟೇ ಇಳಿಸಿಕೊಂಡರೆ ಚಿತ್ರಗಳು ಬಂದಾವು, ಪ್ರಬಂಧಗಳು ಬಾರವು. ಅಲ್ಲಿಯ “ಎಕ್ಸ್‌ಪೋರ್ಟ್” ಗುಂಡಿಯನ್ನು ಒತ್ತಿದರೆ ಪ್ರಬಂಧಗಳು ಬರುತ್ತವೆ. ಆದರೆ ಚಿತ್ರಗಳ ವಿಳಾಸ ಮಾತ್ರ ಬರುತ್ತದೆ, ಚಿತ್ರಗಳು ಬರುವುದಿಲ್ಲ. ಆದುದರಿಂದ ಎರಡನ್ನೂ ತೆಗೆದುಕೊಳ್ಳತಕ್ಕದ್ದು. ಸಿದ್ಧ ಚೌಕಟ್ಟಿನಲ್ಲಿ ತಾಣವನ್ನು ಕಟ್ಟಿಕೊಡುವ ಕೆಲವು ಸೇವೆಗಳಲ್ಲಿ, ಇಡೀ ತಾಣವನ್ನು ಹೊರಗೆ ತರುವ ದಾರಿಯೇ ಇರುವುದಿಲ್ಲ. ಅಂಥಲ್ಲಿ ಪಾಲಿಸಬೇಕಾದ ನಿಯಮವು ಸರಳವಾದುದು: ಮೊದಲು ನಿಮ್ಮ ಕಂಪ್ಯೂಟರಿನಲ್ಲಿ ಬರೆದು ಉಳಿಸಿರಿ, ಅನಂತರ ತಾಣಕ್ಕೆ ಏರಿಸಿರಿ. ಮೂಲವು ಮನೆಯಲ್ಲಿರಲಿ, ಪ್ರತಿಯು ತಾಣದಲ್ಲಿರಲಿ.

ಬಲ್ಲವರು ಮೂರು, ಎರಡು, ಒಂದು ಎಂಬ ಸೂತ್ರವನ್ನು ಹೇಳುತ್ತಾರೆ. ಯಾವುದೇ ಮುಖ್ಯ ಕಡತಕ್ಕೆ ಮೂರು ಪ್ರತಿಗಳಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದಾದರೂ ಬೇರೆ ಸ್ಥಳದಲ್ಲಿರಲಿ. ನಮ್ಮ ಶಾಲೆಯ ಮಟ್ಟಿಗೆ ಇದು ಸುಲಭವಾಗಿದೆ. ತಾಣದಲ್ಲಿ ಒಂದು, ಕಚೇರಿಯ ಕಂಪ್ಯೂಟರಿನಲ್ಲಿ ಒಂದು, ಆಡಳಿತ ಮಂಡಳಿಯ ಕಾರ್ಯದರ್ಶಿಗಳ ಮನೆಯಲ್ಲಿರುವ ಹಾರ್ಡ್ ಡಿಸ್ಕಿನಲ್ಲಿ ಒಂದು. ತಗ್ಗಿನ ಬೀದಿಗಳಲ್ಲಿ ನೀರು ನಿಲ್ಲುವ ಈ ನಗರದಲ್ಲಿ ನೆಲಮಾಳಿಗೆಯ ಕಪಾಟು ಸುರಕ್ಷಿತವಲ್ಲವೆಂಬುದನ್ನು, 2005ನೆಯ ಜುಲೈ 26ರ ಮಹಾಮಳೆಯನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಫೋನಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಕಡತವು ತಾನಾಗಿ ಸಮನಾಗುತ್ತಿರುವುದನ್ನು ನೋಡಿ, ಎರಡು ಪ್ರತಿಗಳಿವೆಯೆಂದು ಭ್ರಮಿಸಬಾರದು. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತದೆ. ಕನ್ನಡಿಯೊಳಗಿನ ಗಂಟು ಎರಡನೆಯ ಗಂಟಲ್ಲ. ಎರಡನೆಯದಾಗಿ, ಹೊಸ ಪ್ರತಿಯನ್ನು ಹಳೆಯದರ ಮೇಲೆಯೇ ಬರೆಯಬಾರದು. ದಿನಾಂಕವನ್ನು ಹೆಸರಾಗಿ ಇಟ್ಟು ಬೇರೆ ಬೇರೆ ಇಡಬೇಕು. ಇಲ್ಲವಾದರೆ ಕೆಟ್ಟ ಪ್ರತಿಯು ಒಳ್ಳೆಯ ಪ್ರತಿಯನ್ನು ನುಂಗುತ್ತದೆ. ಮೂರನೆಯದಾಗಿ, ಪ್ರತಿಯನ್ನು ತೆಗೆದ ಮೇಲೆ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಓದಿ, ಕೇಳಿ ನೋಡಬೇಕು. ಗಿಟ್‌ಲ್ಯಾಬಿನ ಐದು ಏರ್ಪಾಡುಗಳ ಕಥೆಯನ್ನು ಮೇಲೆ ಹೇಳಿದುದು ಇದಕ್ಕಾಗಿಯೇ. ತೆರೆದು ನೋಡದ ಪ್ರತಿಯನ್ನು ನಂಬಿ ಕುಳಿತರೆ, ಬಾಯಾರಿದಾಗ ಬಾವಿ ತೋಡುವ ಪಾಡು ಬರುತ್ತದೆ. ಪೆನ್ ಡ್ರೈವ್ ಮತ್ತು ಡಿಸ್ಕುಗಳಿಗೂ ಆಯುಸ್ಸುಂಟಾದುದರಿಂದ, ಕೆಲವು ವರ್ಷಗಳಿಗೊಮ್ಮೆ ಹೊಸದಕ್ಕೆ ಇಳಿಸುವುದನ್ನೂ ಮರೆಯಬಾರದು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ವಿಶೇಷವಾದ ಎಚ್ಚರಿಕೆ ಬೇಕು. ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ ಎಷ್ಟೋ ಕಡತಗಳು ನಮ್ಮಲ್ಲಿಯೂ ಮುದ್ರಣಾಲಯಗಳಲ್ಲಿಯೂ ಉಂಟು. ಅವನ್ನು ಬರೆದಾಗ ಬಳಸಿದ ಅಕ್ಷರಶೈಲಿಯ ಕಡತವು ಯಂತ್ರದಲ್ಲಿ ಇಲ್ಲದೆ ಹೋದರೆ, ಕನ್ನಡದ ಬದಲು ಅರ್ಥವಿಲ್ಲದ ಪರಕೀಯ ಚಿಹ್ನೆಗಳು ಕಾಣುತ್ತವೆ. ಕಡತವು ಉಳಿದೂ ಬರಹವು ಕಳೆದುಹೋದಂತೆಯೇ ಸರಿ. ಗ್ರಂಥಾಲಯದ ಹಳೆಯ ಕಂಪ್ಯೂಟರಿನಲ್ಲಿ ಇಂಥ ಕೆಲವು ಪ್ರಬಂಧಗಳು ಈ ವರ್ಷ ನಮಗೆ ದೊರೆತುವು. ವಿದ್ಯಾರ್ಥಿಗಳು ಪರಿವರ್ತಕ ತಂತ್ರಾಂಶದಿಂದ ಅವನ್ನು ಯೂನಿಕೋಡಿಗೆ ಇಳಿಸಿ, ಒತ್ತಕ್ಷರಗಳು ತಪ್ಪಿದೆಡೆಗಳಲ್ಲಿ ಕೈಯಿಂದ ತಿದ್ದಿದರು. ಇನ್ನು ಮುಂದೆ ಬರೆಯುವುದೆಲ್ಲವನ್ನೂ ಯೂನಿಕೋಡಿನಲ್ಲಿಯೇ ಬರೆದು, ವಿನ್ಯಾಸಗೊಳಿಸಿದ ಪುಟದ ಜೊತೆಗೆ ಬರಿಯ ಅಕ್ಷರಗಳ ಸಾದಾ ಕಡತವನ್ನೂ ಇಡುವುದು ಲೇಸು. ತಂತ್ರಾಂಶಗಳು ಬದಲಾದರೂ ಸಾದಾ ಕಡತವನ್ನು ತೆರೆಯುವುದು ಸುಲಭ.

ಈ ಕೆಲಸಕ್ಕೆ ವೆಚ್ಚವೆಷ್ಟೆಂದು ಕೇಳುವವರಿದ್ದಾರೆ. ಒಂದು ಪೆನ್ ಡ್ರೈವಿಗೆ ಕೆಲವು ನೂರು ರೂಪಾಯಿಗಳು. ವಾರ್ಷಿಕೋತ್ಸವದ ಹಾರತುರಾಯಿಗಳಿಗೆ ಇದಕ್ಕಿಂತ ಹೆಚ್ಚು ವೆಚ್ಚವಾಗುತ್ತದೆ. ವೆಚ್ಚಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ: ಮಕ್ಕಳ ಹೆಸರು, ಚಿತ್ರಗಳುಳ್ಳ ಕಡತಗಳ ಪ್ರತಿಗಳು ಹೆಚ್ಚಿದಷ್ಟೂ ಅವು ಪರರ ಕೈಸೇರುವ ಭಯವೂ ಹೆಚ್ಚುವುದಿಲ್ಲವೇ? ಇದು ನ್ಯಾಯವಾದ ಮಾತು. ಆದುದರಿಂದಲೇ ಪ್ರತಿಗಳು ಬೀಗದ ಕಪಾಟಿನಲ್ಲಿ, ಗುಪ್ತಪದದ ರಕ್ಷಣೆಯಲ್ಲಿ, ಗೊತ್ತಾದ ಇಬ್ಬರ ವಶದಲ್ಲಿರಬೇಕು. ಅಂಗಡಿಯ ಕಂಪ್ಯೂಟರಿನಲ್ಲಿ ಅವನ್ನು ತೆರೆಯಲಾಗದು. ಭಯವಿದೆಯೆಂದು ಪ್ರತಿಯನ್ನೇ ಮಾಡದಿರುವುದು, ಕಳ್ಳರಿಗೆ ಹೆದರಿ ಮನೆಯನ್ನೇ ಕಟ್ಟದಿರುವಂತೆ ಆಗುತ್ತದೆ.

ನಮ್ಮ ಶಾಲೆಯಲ್ಲಿ ಈ ವರ್ಷದಿಂದ ಒಂದು ದಪ್ಪ ದಾಖಲೆಪುಸ್ತಕವನ್ನು ಇಟ್ಟಿದ್ದೇವೆ. ತಾಣದ ಹೆಸರಿನ ನೋಂದಣಿಯೂ ಸ್ಥಳದ ಬಾಡಿಗೆಯೂ ಯಾವ ದಿನ ಮುಗಿಯುತ್ತವೆ, ಪ್ರತಿಯನ್ನು ತೆಗೆದ ದಿನ ಯಾವುದು, ತೆಗೆದವರು ಯಾರು, ತೆರೆದು ನೋಡಿದವರು ಯಾರು ಎಂಬುದನ್ನು ಅದರಲ್ಲಿ ಶಾಯಿಯಿಂದ ಬರೆಯುತ್ತೇವೆ. ತಾಣದ ಪತ್ರವ್ಯವಹಾರವು ಈಗ ವ್ಯಕ್ತಿಯ ಹೆಸರಿನಲ್ಲಿಲ್ಲ, ಶಾಲೆಯ ಹೆಸರಿನಲ್ಲಿದೆ. ತಿಂಗಳ ಕೊನೆಯ ಶನಿವಾರ ಒಂಬತ್ತನೆಯ ತರಗತಿಯವರು ಪ್ರತಿಯನ್ನು ತೆಗೆಯುತ್ತಾರೆ. ಎಂಟನೆಯ ತರಗತಿಯವರು ಬೇರೆ ಯಂತ್ರದಲ್ಲಿ ತೆರೆದು ಪರೀಕ್ಷಿಸಿ ರುಜು ಹಾಕುತ್ತಾರೆ. ಮೊದಲ ತಿಂಗಳು ತೆರೆದಾಗ ಚಿತ್ರಗಳ ಒಂದು ಕೋಶವೇ ಖಾಲಿಯಾಗಿತ್ತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಅದನ್ನು ಕಂಡುಹಿಡಿದಳು. ರುಜು ಹಾಕದೆ ಪುಸ್ತಕವನ್ನು ಹಿಂದಿರುಗಿಸಿದಳು. ಹಿರಿಯ ತರಗತಿಯವರಿಗೆ ಸ್ವಲ್ಪ ಮುಖಭಂಗವಾದರೂ, ಆ ದಿನ ಈ ಏರ್ಪಾಡಿನಲ್ಲಿ ನಮಗೆ ವಿಶ್ವಾಸ ಹುಟ್ಟಿತು.

ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂದು ಯಾರಾದರೂ ನಮ್ಮನ್ನು ಹಾಸ್ಯ ಮಾಡಿದರೆ, ಅದಕ್ಕೆ ನಾವು ತಲೆಬಾಗುತ್ತೇವೆ. ಆ ಹಿರಿಯರ ಧ್ವನಿಯು ಇನ್ನು ಬಾರದು. ಆದರೆ ಹಗಲು ದುಡಿದು ಇರುಳು ಓದಿದ ತಲೆಮಾರಿನ ಹಿರಿಯರು ಈ ನಗರದ ಚಾಳುಗಳಲ್ಲಿ, ನಿಮ್ಮ ಮನೆಗಳಲ್ಲಿಯೇ, ಇನ್ನೂ ಕೆಲವರು ಉಳಿದಿದ್ದಾರೆ. ಅವರ ಕನ್ನಡವೂ ಅವರ ನೆನಪುಗಳೂ ಯಾವ ಮುದ್ರಿತ ಪುಸ್ತಕದಲ್ಲಿಯೂ ಇಲ್ಲ. ವಿದ್ಯಾರ್ಥಿಮಿತ್ರರೇ, ಈ ರಜೆಯಲ್ಲಿ ಅವರ ಬಳಿ ಕುಳಿತು, ಅವರ ಒಪ್ಪಿಗೆಯನ್ನು ಪಡೆದು, ಅವರ ಮಾತುಗಳನ್ನು ಮುದ್ರಿಸಿಕೊಳ್ಳಿರಿ. ಎರಡು ಪ್ರತಿಗಳನ್ನು ಮಾಡಿ, ಎರಡನ್ನೂ ಕೇಳಿ ನೋಡುವವರೆಗೆ ಫೋನಿನಿಂದ ಅಳಿಸಬೇಡಿರಿ. ನಾವು ಹೇಳಿದರೂ ಅಳಿಸಬೇಡಿರಿ. ಜೂನ್ ತಿಂಗಳಲ್ಲಿ ಅವನ್ನು ಶಾಲೆಗೆ ತನ್ನಿರಿ. ದಾಖಲೆಪುಸ್ತಕದಲ್ಲಿ ನಿಮ್ಮ ಹೆಸರುಗಳಿಗಾಗಿ ಪುಟಗಳನ್ನು ಬಿಟ್ಟಿದ್ದೇವೆ.